ಅವನಿಗೊಂದು ಕೂರುವ ಜಾಗ

"ನೀವು ಸೋಫಾ ಮೇಲೆ ನಿಂತಿದ್ದೀರಿ. ದಯವಿಟ್ಟು ಇಳೀರಿ."

ಬಾಗಿಲು ದಾಟಿ ಬಂದವನು ಗಕ್ಕನೆ ನಿಂತು ಸುತ್ತ ನೋಡಿದ. ಆ ಹಜಾರದಲ್ಲಿ ಸೋಫಾ ಎನ್ನುವ ವಸ್ತುವೇ ಇರಲಿಲ್ಲ. ಇದ್ದದ್ದು ನೆಲದ ತುಂಬ ಹಳೆಯ ಪೇಪರು, ಮಂಡಿಯೂರಿ ಅದನ್ನು ಒಂದಕ್ಕೊಂದು ಅಂಟಿಸುತ್ತಿದ್ದ ಹುಡುಗಿ, ಅವಳ ಕೊರಳಲ್ಲಿ ಜೋತಾಡುವ ಹಳದಿ ಟೇಪು.

"ಯಾವ ಸೋಫಾ?"

"ನಿಮ್ಮ ಕಾಲ ಕೆಳಗೆ ಇರೋದು."

ಅವನು ಬಗ್ಗಿ ನೋಡಿದ. ಪೇಪರಿನ ಮೇಲೆ ಅವನ ಎರಡು ಬೂಟುಗಳು, ದೋಣಿಗಳಷ್ಟು ದೊಡ್ಡವು. ಗಾಬರಿಯಿಂದ ಎಡಕ್ಕೆ ಹಾರಿದ.

"ಅದು ಟೀ ಮೇಜು."

ಬಲಕ್ಕೆ ಹಾರಿದ.

"ಈಗ ನಿಂತಿರೋದು ನಿಮ್ಮ ಚಿಕ್ಕಮ್ಮ ಕೂರೋ ಕುರ್ಚಿ ಮೇಲೆ."

ಕೊನೆಗೆ ಅವನು ಒಂದೇ ಒಂದು ದೊಡ್ಡ ಹೆಜ್ಜೆ ಇಟ್ಟು ಅಡುಗೆಮನೆಯ ಬಾಗಿಲು ಸೇರಿಕೊಂಡ. ಆ ಹೆಜ್ಜೆ ಹಾಕಲು ಬೇರೆಯವರಿಗಾದರೆ ಸೇತುವೆ ಬೇಕಾಗುತ್ತಿತ್ತು. ಅಲ್ಲಿ ಚೌಕಟ್ಟಿಗೆ ತಲೆ ತಾಗದಂತೆ ತುಸು ಬಗ್ಗಿ ನಿಂತು, ಕಿವಿಯ ತನಕ ಕೆಂಪಾಗಿ, "ಕ್ಷಮಿಸಿ, ಕಾಣಿಸಲಿಲ್ಲ," ಎಂದ.

ಇಷ್ಟು ದೊಡ್ಡ ಮನುಷ್ಯ, ಇಷ್ಟು ಚಿಕ್ಕ ಮಗುವಿನ ಹಾಗೆ ನಾಚಿಕೊಳ್ಳುತ್ತಾನಲ್ಲ!

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಎದೆಯೊಳಗೆ ಇನ್ನೇನೋ ಬಂತು. ಅದನ್ನು ಅವಳು ಆ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂಟು ಒಣಗುತ್ತಿತ್ತು, ಕೆಲಸ ಬಾಕಿ ಇತ್ತು.

ಅವಳು ಫರ್ನಿಚರ್ ಅಂಗಡಿಯವಳು. ಅಂಗಡಿಯಲ್ಲಿ ಯಜಮಾನರಿಂದ ಹಿಡಿದು ಬಡಗಿಗಳವರೆಗೆ ಎಲ್ಲರಿಗೂ ಅವಳು ಟೇಪಕ್ಕ. ಕೊಳ್ಳುವವರ ಮನೆಗೆ ಹೋಗಿ, ಯಾವುದು ಎಲ್ಲಿರಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಹೇಳುವುದು ಅವಳ ಕೆಲಸ. ಅದಕ್ಕೆ ಅವಳದೇ ಒಂದು ಪದ್ಧತಿ ಇತ್ತು. ಸೋಫಾ ಅಂಗಡಿ ಬಿಡುವ ಮೊದಲು, ಅದರಷ್ಟೇ ಉದ್ದಗಲದ ಪೇಪರು ಆ ಮನೆಯ ನೆಲದ ಮೇಲೆ ಒಂದು ವಾರ ಮಲಗಿರಬೇಕು. ಮನೆಯವರು ಅದನ್ನು ತುಳಿಯದೆ, ಬಳಸಿಕೊಂಡೇ ಓಡಾಡಬೇಕು. ಮದುವೆಗೆ ಮೊದಲು ನಿಶ್ಚಿತಾರ್ಥ ಇದ್ದ ಹಾಗೆ ಅನ್ನುತ್ತಿದ್ದಳು. ಆ ವಾರದಲ್ಲಿ ಮಂಡಿಗೆ ಏನು ತಾಗುತ್ತದೆ, ಯಾರು ಯಾರ ದಾರಿಗೆ ಅಡ್ಡ ಬರುತ್ತಾರೆ, ಎಲ್ಲ ಗೊತ್ತಾಗಿಬಿಡುತ್ತಿತ್ತು.

ಕೂತವರು ಕೈ ಚಾಚಿದರೆ ಲೋಟ ಸಿಗಬೇಕು, ಕಾಲು ಚಾಚಿದರೆ ಮೇಜು ತಾಗಬಾರದು, ಮೆಲ್ಲಗೆ ಮಾತಾಡಿದರೂ ಎದುರಿನವರಿಗೆ ಕೇಳಬೇಕು. ಇದು ಅವಳ ಬಾಯಿಪಾಠ. ಪ್ರತಿ ಆಸನದಲ್ಲೂ ತಾನೇ ಒಮ್ಮೆ ಕೂತು ನೋಡದೆ ಯಾವ ಮನೆಯಿಂದಲೂ ಅವಳು ಹೊರಟವಳಲ್ಲ.

ಈ ಮನೆಗೆ ಅವಳನ್ನು ಕರೆಸಿದ್ದು ಚಿಕ್ಕಮ್ಮ. ಅಂಚೆ ಕಚೇರಿಯಿಂದ ನಿವೃತ್ತಿಯಾದ ಮೇಲೆ ಆಕೆಗೆ ಶನಿವಾರ ಬಂತೆಂದರೆ ಮೂವರು ಗೆಳತಿಯರು, ಇಸ್ಪೀಟು, ಟೀ. ಆದರೆ ಹಳೆಯ ಕುರ್ಚಿಗಳೆಲ್ಲ ನಾಲ್ಕು ಗೋಡೆಗೆ ಅಂಟಿಕೊಂಡಿದ್ದವು. ನಡುವೆ ಖಾಲಿ ಮೈದಾನ. ಒಬ್ಬರ ಮಾತು ಒಬ್ಬರಿಗೆ ಕೇಳಿಸಲು ಕೂಗಿ ಕೂಗಿ ನಾಲ್ವರ ಗಂಟಲೂ ಕಟ್ಟಿತ್ತು.

"ಹಲ್ಲಿನ ಡಾಕ್ಟರ ಮನೆ ಅಂತ ಗೊತ್ತಾಗಲಿ ಅಂತ ಪೇಷೆಂಟು ಕಾಯೋ ರೂಮಿನ ಹಾಗೆ ಇಟ್ಟಿದ್ದೀರಾ?" ಎಂದು ಕೇಳಿದ್ದಳು ಅವಳು ಮೊದಲ ದಿನ. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಿದ್ದರು. ನಕ್ಕು, ನಮ್ಮ ಹುಡುಗ ಓಡಾಡುವಾಗ ಏನೂ ತಾಗದಿರಲಿ ಅಂತ ಬಿಟ್ಟದ್ದು ಅಷ್ಟೇ ಎಂದಿದ್ದರು.

ಆ ಹುಡುಗನೇ ಈಗ ಅಡುಗೆಮನೆಯ ಬಾಗಿಲು ತುಂಬ ನಿಂತಿದ್ದವನು. ಮಕ್ಕಳ ಹಲ್ಲಿನ ಡಾಕ್ಟರು. ಅವನ ಹತ್ತಿರ ಬರುವ ಮಕ್ಕಳು ಅವನಿಗೆ ಇಟ್ಟ ಹೆಸರು ಬೆಟ್ಟ ಡಾಕ್ಟರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವನನ್ನು ಸಾಕಿ ಬೆಳೆಸಿದವರು ಚಿಕ್ಕಮ್ಮ.

"ನೀವೂ ಒಂದು ನಿಮಿಷ ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ," ಎಂದಳು ಅವಳು ಟೇಪು ಎಳೆಯುತ್ತ. "ಮಂಡಿ ಎತ್ತರ ಬೇಕು."

ಅವನ ಮುಖದ ನಗು ಹಾಗೇ ಆರಿತು. "ನನ್ನನ್ನ ಲೆಕ್ಕಕ್ಕೆ ತಗೋಬೇಡಿ. ನಾನಿಲ್ಲಿ ಕೂರಲ್ಲ."

"ಮನೆ ನಿಮ್ಮದಲ್ವಾ?"

"ಮನೆ ನಂದು. ಕೂರೋರು ಅವರು." ಆಮೇಲೆ ತಮಾಷೆಗೆಂಬಂತೆ ಸೇರಿಸಿದ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ. ನನಗೆ ಚಾಚೋಕೆ ಊರೇ ಸಾಲಲ್ಲ."

"ಹಾಗಂತ ಕಾಲು ಕತ್ತರಿಸಿಕೊಳ್ಳೋಕಾಗತ್ತಾ? ಕಾಲು ಇದ್ದಷ್ಟು ಹಾಸಿಗೆ ಮಾಡಿಸಿ ಅನ್ನೋಳು ನಾನು."

ಅವನು ಅವಳನ್ನೇ ನೋಡಿದ. ಕ್ಲಿನಿಕ್ಕಿಗೆ ಹೊತ್ತಾಯಿತೆಂದು, ಪೇಪರುಗಳನ್ನು ಬಹಳ ಜಾಗ್ರತೆಯಿಂದ ಬಳಸಿಕೊಂಡು ಹೊರಟುಹೋದ.

ಅವನ ಬೆನ್ನನ್ನು ನೋಡುತ್ತ ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಈ ಮನುಷ್ಯನನ್ನು ಈ ಹಜಾರದಲ್ಲಿ ಕೂರಿಸದಿದ್ದರೆ ನನ್ನ ಹೆಸರು ಟೇಪಕ್ಕನೇ ಅಲ್ಲ.

ಹಟ ಅನ್ನುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಹಿಡಿದ ಪಟ್ಟು ಬಿಟ್ಟವಳಲ್ಲ. ಆದರೆ ಒಬ್ಬ ಗಿರಾಕಿಯ ಮಂಡಿಯ ಎತ್ತರಕ್ಕಾಗಿ ಇಷ್ಟು ಹಟ ಯಾಕೆ ಎಂದು ಅವಳನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳ ಫೋನು ರಿಂಗಾಯಿತು.

"ನಿಮ್ಮ ಸೋಫಾ ಫ್ಯಾನ್ ಗಾಳಿಗೆ ಹಾರಿಹೋಯ್ತು," ಎಂದಿತು ಗಂಭೀರವಾದ ದನಿ. "ಈಗ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಇದೆ. ಅಲ್ಲೇ ಬಿಡಲಾ?"

ಅವಳು ಅಂಗಡಿಯ ನಟ್ಟನಡುವೆ ನಿಂತು ಜೋರಾಗಿ ನಕ್ಕಳು. ನಾಲ್ಕು ಮೂಲೆಗೂ ಒಂದೊಂದು ಪುಸ್ತಕ ಇಡಿ ಎಂದಳು. ಅದರ ಮರುದಿನ ಮತ್ತೆ ಫೋನು. ಟೀ ಮೇಜಿನ ಮೇಲೆ ಪಕ್ಕದ ಮನೆಯ ಬೆಕ್ಕು ಬಂದು ಮಲಗಿದೆ, ಎಬ್ಬಿಸಬಹುದೋ ಅಥವಾ ಅದು ಏಳುವ ತನಕ ಕಾಯಬೇಕೋ. ಮೂರನೆಯ ಸಲ ಫೋನು ಮಾಡಿದಾಗ ಅವನಿಗೆ ಕಾರಣವೇ ಸಿಗಲಿಲ್ಲ. ಒಂದಷ್ಟು ಹೊತ್ತು ತಡವರಿಸಿ, ಸೋಫಾ ಆರೋಗ್ಯವಾಗಿದೆ ಅಂತ ಹೇಳೋಣ ಅನ್ನಿಸ್ತು ಎಂದ.

ಆ ಮೇಲೆ ಕಾರಣಗಳ ಗೋಜಿಗೆ ಇಬ್ಬರೂ ಹೋಗಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದ ಮಗು ಡಾಕ್ಟರ ಬೆರಳನ್ನೇ ಕಚ್ಚಿದ್ದನ್ನು ಅವನು ಹೇಳುತ್ತಿದ್ದ. ಬಾಗಿಲಿಗಿಂತ ದೊಡ್ಡ ಮಂಚ ಕೊಂಡು, ಬಾಗಿಲನ್ನೇ ಕೀಳಿಸಿದವರ ಕತೆಯನ್ನು ಅವಳು ಹೇಳುತ್ತಿದ್ದಳು. ಅಳತೆ ನೋಡುವ ನೆಪದಲ್ಲಿ ಎರಡು ಸಲ ಆ ಮನೆಗೆ ಹೋದಳು. ಎರಡು ಸಲವೂ ಅವನು ಬಾಗಿಲಿಗೆ ಒರಗಿ ನಿಂತೇ ಮಾತಾಡಿದ. ಕೂರಿ ಅಂದರೆ ಮಾತು ತೇಲಿಸಿದ.

ಯಾರಿಗಾದರೂ ಇಷ್ಟು ಹೊತ್ತು ನಿಂತರೆ ಕಾಲು ನೋಯುವುದಿಲ್ಲವೇ? ಅಷ್ಟೊಂದು ಹಟವೇ ಇವನಿಗೆ? ಆಗಲಿ... ಹಟದಲ್ಲಿ ನನ್ನ ಮುಂದೆ ಇವನು ಇನ್ನೂ ಮಗು.

ಅವನು ಒರಗಿ ನಿಂತಾಗ ಭುಜ ಚೌಕಟ್ಟಿನ ಯಾವ ಗೀರಿಗೆ ತಾಗುತ್ತದೆ, ಸೊಂಟ ಎಲ್ಲಿಗೆ ಬರುತ್ತದೆ, ಎಲ್ಲವನ್ನೂ ಅವಳು ಕಣ್ಣಲ್ಲೇ ಕದ್ದಳು. ಅವನು ಹೋದ ಮೇಲೆ ಚೌಕಟ್ಟಿಗೆ ಟೇಪು ಹಿಡಿದಳು. ಹೀಗೆ ಕದ್ದ ಅಳತೆಯಲ್ಲಿ ಒಂದು ಕುರ್ಚಿ ತಯಾರಾಯಿತು. ದಪ್ಪ ಮರದ ಕಾಲು, ಅಗಲವಾದ ಆಸನ, ತಲೆಯ ತನಕ ಎತ್ತರದ ಬೆನ್ನು. ಇದು ಯಾರಿಗೆ, ಆನೆಗಾ ಎಂದು ಬಡಗಿ ಕೇಳಿದಾಗ, ನಿನಗೆ ಬಂದದ್ದು ಉಳಿ ಹಿಡಿಯೋ ಕೆಲಸ, ಅದನ್ನ ಮಾಡು ಎಂದು ಅವಳು ಸಿಡುಕಿದಳು. ಅವಳು ಸಿಡುಕಿದ್ದು ಅದೇ ಮೊದಲು. ಬಡಗಿಗೆ ಅರ್ಥವಾಗಬೇಕಾದದ್ದು ಅರ್ಥವಾಯಿತು.

ಸಾಮಾನು ಬಂದ ದಿನ ಹಜಾರದ ಚಹರೆಯೇ ಬದಲಾಯಿತು. ಮೂವರ ಸೋಫಾ ಒಂದು ಕಡೆ, ಇಬ್ಬರ ಸೋಫಾ ಅದಕ್ಕೆ ಓರೆಯಾಗಿ, ಎದುರಿಗೆ ಚಿಕ್ಕಮ್ಮನ ಕುರ್ಚಿ, ನಡುವೆ ಟೀ ಮೇಜು. ಗೋಡೆಗೆ ಅಂಟಿದ್ದ ಹಳೆಯ ಕುರ್ಚಿಗಳು ಹೋಗಿ, ಹೊಸ ಆಸನಗಳು ನಡುವಿಗೆ ಬಂದು ಒಂದನ್ನೊಂದು ಮಾತಾಡಿಸುವಂತೆ ಕೂತವು. ಕೈ ಚಾಚಿದರೆ ಲೋಟ ಸಿಗುತ್ತಿತ್ತು. ಚಿಕ್ಕಮ್ಮ ಕೂತಲ್ಲೇ ಪಿಸುಗುಟ್ಟಿ, ಕೇಳಿಸ್ತಾ ಎಂದು ಪರೀಕ್ಷೆ ಮಾಡಿ ಮಗುವಿನಂತೆ ಖುಷಿಪಟ್ಟರು.

ಕೊನೆಗೆ ಉಳಿದದ್ದು ಆ ದೊಡ್ಡ ಕುರ್ಚಿ.

ಅವಳು ಅದನ್ನು ಮೊದಲು ಇಡಿಸಿದ್ದು ಇಬ್ಬರ ಸೋಫಾದ ಪಕ್ಕದಲ್ಲೇ, ಕಿಟಕಿಯ ಕಡೆಗೆ. ಸೋಫಾದ ಈ ತುದಿಯಲ್ಲಿ ಕೂತವರ ಕೈ, ಕುರ್ಚಿಯಲ್ಲಿ ಕೂತವನ ಕೈಗೆ ತಾಗುವಷ್ಟು ಹತ್ತಿರ. ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಆ ತುದಿಯಲ್ಲಿ ತಾನೇ ಕೂತಿರುವಂತೆ ಕಂಡಿತು.

ತಲೆಯೆತ್ತಿದರೆ ಚಿಕ್ಕಮ್ಮ ಅವಳನ್ನೇ ನೋಡಿ ನಗುತ್ತಿದ್ದಾರೆ.

"ಆ ತುದೀಲಿ ಯಾರು ಕೂರ್ತಾರಮ್ಮ?"

ಅಷ್ಟು ಸಾಕಾಯಿತು. ನಾಚಿಕೆಯೋ, ಭಯವೋ, ನೆತ್ತಿಗೇರಿತು. ಅವನ ಕಾಲು ಉದ್ದ, ಇಲ್ಲಿ ಮೇಜಿಗೆ ತಾಗುತ್ತದೆ ಎಂದು ಬಡಬಡಿಸಿ, ಕೆಲಸದವರಿಗೆ ಕುರ್ಚಿ ಹಿಂದಕ್ಕೆ ಸರಿಸಲು ಹೇಳಿದಳು. ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಸರಿಸುತ್ತ ಸರಿಸುತ್ತ ಅದು ಪುಸ್ತಕದ ಕಪಾಟಿನ ಪಕ್ಕದ ಮೂಲೆ ಸೇರಿತು. ಉಳಿದ ಎಲ್ಲ ಆಸನದಲ್ಲೂ ಅವಳು ಕೂತು ನೋಡಿದಳು. ಅದೊಂದರಲ್ಲಿ ಕೂರಲಿಲ್ಲ. ಅವನ ಅಳತೆಗೆ ಮಾಡಿಸಿದ್ದರಲ್ಲಿ ಕೂತರೆ ಅವನ ಮಡಿಲಲ್ಲೇ ಕೂತಂತೆ ಅನ್ನಿಸಿ ಮೈ ಬಿಸಿಯಾಯಿತು.

ಸಂಜೆ ಅವನು ಬಂದ. ಹಜಾರ ನೋಡಿ ಮುಖ ಅರಳಿತು. ಆಮೇಲೆ ಕಣ್ಣು ಆ ಕುರ್ಚಿಯ ಮೇಲೆ ಬಿತ್ತು. ಹತ್ತಿರ ಹೋಗಿ ಅದರ ಬೆನ್ನ ಮೇಲೆ ಕೈಯಿಟ್ಟ.

"ಇದು... ನನಗಾ?"

"ಹೌದು." ಅವಳ ದನಿ ನಡುಗಿತು. ಏನಾದರೂ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಹೇಳಿದಳು. "ಇಲ್ಲಿ ಎಷ್ಟು ಬೇಕಾದ್ರೂ ಕಾಲು ಚಾಚಬಹುದು. ಯಾರಿಗೂ ತಾಗಲ್ಲ."

ಅವನು ಆ ಮೂಲೆಯಿಂದ ಸೋಫಾಗಳ ಕಡೆ ಒಮ್ಮೆ ನೋಡಿದ. ಮತ್ತೆ ಕುರ್ಚಿ ನೋಡಿದ. ಅರಳಿದ್ದ ಮುಖ ಸಪ್ಪಗಾಯಿತು.

"ಯಾರಿಗೂ ತಾಗಲ್ಲ," ಎಂದ ತನಗೆ ತಾನೇ. "ಸರಿ. ಥ್ಯಾಂಕ್ಸ್."

ಕೂರಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಮಾಡಿದರೆ ಪೇಷೆಂಟ್ ಇದ್ದಾರೆ ಎಂದು ಇಟ್ಟುಬಿಟ್ಟ. ವಾರ ಕಳೆಯುವಷ್ಟರಲ್ಲಿ ಯಜಮಾನರು ಅವಳನ್ನು ಕರೆದು ವಿಷಯ ಹೇಳಿದರು. ಡಾಕ್ಟರು ಫೋನು ಮಾಡಿದ್ದರಂತೆ. ಉಳಿದದ್ದೆಲ್ಲ ಬಹಳ ಚೆನ್ನಾಗಿದೆಯಂತೆ. ಆ ದೊಡ್ಡ ಕುರ್ಚಿ ಮಾತ್ರ ಬೇಡವಂತೆ, ವಾಪಸ್ ತರಿಸಿಕೊಳ್ಳಬೇಕಂತೆ.

ಅವಳು ಗೋದಾಮಿನ ಹಿಂದೆ, ಸುತ್ತಿಟ್ಟ ಹಾಸಿಗೆಗಳ ನಡುವೆ ಹೋಗಿ ಅತ್ತಳು.

ಬೇಡವಂತೆ! ಕೇಳದೆ ಅಳತೆ ತೆಗೆದದ್ದು ತಪ್ಪಾಯಿತೇ? ಅವನ ಮೈಯನ್ನು ಎತ್ತಿ ಆಡಿದಂತೆ ಅನ್ನಿಸಿತೇ? ಇಲ್ಲಾ ನನ್ನ ಮನಸ್ಸು ಗೊತ್ತಾಗಿ, ಈ ಟೇಪಿನವಳು ಎಲ್ಲಿ ಗಂಟುಬೀಳುತ್ತಾಳೋ ಎಂದು ಹೆದರಿದನೇ? ಹಾಗಾದರೆ ಆ ಫೋನುಗಳು, ಆ ನಗು, ಎಲ್ಲ ಬರೀ ಹೊತ್ತು ಕಳೆಯಲಿಕ್ಕೇ?

ಮನೆಯಲ್ಲಿ ಮಗಳ ಊದಿದ ಕಣ್ಣು ನೋಡಿ ಅಮ್ಮ ವಿಷಯವನ್ನೆಲ್ಲ ಬಾಯಿ ಬಿಡಿಸಿದರು. ಎಲ್ಲ ಕೇಳಿ ಒಂದೇ ಮಾತು ಕೇಳಿದರು.

"ಅವನು ಬೇಡ ಅಂದಿದ್ದು ಕುರ್ಚಿನಾ, ನಿನ್ನನ್ನಾ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಹೊಳೆದ ಕೂಡಲೇ ಅಳು ನಿಂತಿತು. ಗೊತ್ತಿಲ್ಲದ ಅಳತೆಯನ್ನು ಊಹಿಸಿಕೊಂಡು ಅಳುತ್ತ ಕೂರುವುದು ಅವಳ ಜಾಯಮಾನವಲ್ಲ. ಹೋಗಿ ಹಿಡಿದು ನೋಡಬೇಕು. ಬೇಡ ಅನ್ನುವುದಾದರೆ ನನ್ನ ಮುಖ ನೋಡಿ ಅನ್ನಲಿ. ಕುರ್ಚಿ ಎತ್ತಲು ಕೆಲಸದವರನ್ನು ಕಳಿಸುತ್ತೇನೆಂದ ಯಜಮಾನರಿಗೆ, ನಾನೇ ಹೋಗಿ ಬರ್ತೀನಿ ಎಂದಳು.

ಅದು ಶನಿವಾರದ ಮಧ್ಯಾಹ್ನ. ಹಜಾರದಲ್ಲಿ ಇಸ್ಪೀಟು ರಂಗೇರಿತ್ತು. ಅವನು ಇನ್ನೂ ಕ್ಲಿನಿಕ್ಕಿನಿಂದ ಬಂದಿರಲಿಲ್ಲ. ಚಿಕ್ಕಮ್ಮ ಅವಳನ್ನು ನೋಡಿ ಎಲೆ ಕೆಳಗಿಟ್ಟು, ಕೈ ಹಿಡಿದು ನೇರ ಅಡುಗೆಮನೆಗೆ ಕರೆದೊಯ್ದರು. ಟೀಗೆ ನೀರಿಟ್ಟು, ಹುಡುಗ ವಾರದಿಂದ ಮಾತಾಡುತ್ತಿಲ್ಲ, ನಡೆದದ್ದೇನು ಎಂದು ಕೇಳಿದರು. ಅವಳೂ ಅದನ್ನೇ ಕೇಳಲು ಬಂದವಳು.

"ಒಂದು ವಿಷಯ ಹೇಳ್ತೀನಿ, ನಾನು ಹೇಳಿದೆ ಅನ್ನಬೇಡ," ಎಂದು ಚಿಕ್ಕಮ್ಮ ದನಿ ತಗ್ಗಿಸಿದರು. "ಕೆಲವು ವರ್ಷದ ಹಿಂದೆ ಒಂದು ಸಂಬಂಧದ ಮಾತುಕತೆಗೆ ಹೋಗಿದ್ವಿ. ಅವರು ಬೆತ್ತದ ಕುರ್ಚಿ ಹಾಕಿದ್ರು. ಇವನು ಕೂತ, ಅದು ಲಟಕ್ ಅಂತು. ನೆಲದ ಮೇಲೆ ಇವನು, ಇವನ ಮೇಲೆ ಟೀ. ಮನೆಯೋರೆಲ್ಲ ನಕ್ರು, ಹೋಗ್ಲಿ ಬಿಡು. ಆ ಹುಡುಗಿ ಒಳಗೆ ಓಡಿಹೋಗಿ ನಕ್ಕಿದ್ದು ಹೊರಗೆ ನಮಗೆಲ್ಲ ಕೇಳಿಸ್ತು. ಆವತ್ತಿಂದ ಇವನು ಜನ ಇದ್ದ ಕಡೆ ಕೂರಲ್ಲ. ನಿಂತೇ ಇರ್ತಾನೆ."

ಅವನು ಬಾಗಿಲಿಗೆ ಒರಗಿ ನಿಂತೇ ಮಾತಾಡಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು. ಆದರೂ ಒಂದು ಅರ್ಥವಾಗಲಿಲ್ಲ. ಮುರಿಯಬಾರದು ಎಂದೇ ಅಲ್ಲವೇ ಆ ಕುರ್ಚಿಗೆ ಅಷ್ಟು ದಪ್ಪ ಕಾಲು ಕೊಡಿಸಿದ್ದು? ಮತ್ತೆ ಅದು ಯಾಕೆ ಬೇಡ?

ಅವನು ಬರುವ ತನಕ ಕೂತಿರು ಎಂದರು ಚಿಕ್ಕಮ್ಮ. ಸೋಫಾಗಳ ಮೇಲೆ ಗೆಳತಿಯರು, ಅವರ ಚೀಲಗಳು, ಶಾಲುಗಳು. ಖಾಲಿ ಇದ್ದದ್ದು ಮೂಲೆಯ ಕುರ್ಚಿ ಒಂದೇ. ಅದೂ ಪೂರ್ತಿ ಖಾಲಿಯಲ್ಲ. ಯಾರೂ ಕೂರದ ಕುರ್ಚಿಗೆ ಎಲ್ಲ ಮನೆಗಳಲ್ಲೂ ಆಗುವ ಗತಿ ಅದಕ್ಕೂ ಆಗಿತ್ತು, ಒಗೆದು ಮಡಚದ ಬಟ್ಟೆಯ ರಾಶಿ. ಅದನ್ನು ಎತ್ತಿ ಬದಿಗಿಟ್ಟು, ಮೊದಲನೆಯ ಬಾರಿಗೆ ಅವಳು ಅಲ್ಲಿ ಕೂತಳು.

ಕುರ್ಚಿ ಹಾಯಾಗಿತ್ತು. ಕಾಲು ಚಾಚಿದಳು. ಏನೂ ತಾಗಲಿಲ್ಲ.

ಆಟದವರಲ್ಲಿ ಒಬ್ಬಾಕೆ ಏನೋ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಂದ್ರು?" ಎಂದು ಕೇಳಿದಳು ಅವಳು. ಯಾರಿಗೂ ಕೇಳಿಸಲಿಲ್ಲ. ಅವಳಿದ್ದ ಕಡೆಗೆ ಇದ್ದದ್ದು ಬೆನ್ನುಗಳು. ಟೀ ಬಂತು. ಅವರೆಲ್ಲ ಕೂತಲ್ಲಿಂದಲೇ ಕೈ ಚಾಚಿ ಲೋಟ ತೆಗೆದುಕೊಂಡರು. ಅವಳ ಕೈ ಗಾಳಿಯಲ್ಲೇ ಉಳಿಯಿತು. ಇರು, ನಿನಗೆ ಅಲ್ಲಿಗೇ ತಂದುಕೊಡ್ತೀನಿ ಎಂದು ಚಿಕ್ಕಮ್ಮ ಎದ್ದು, ಸೋಫಾ ಬಳಸಿಕೊಂಡು ಬಂದು, ಕಾಯಿಲೆಯವರಿಗೆ ಕೊಟ್ಟಂತೆ ಲೋಟ ಕೊಟ್ಟು ಹೋದರು.

ಲೋಟ ಹಿಡಿದು ಅವಳು ಆ ಬೆನ್ನುಗಳನ್ನೇ ನೋಡಿದಳು.

ಕಾಲಿಗೆ ಬೇಕಾದಷ್ಟು ಜಾಗವಿತ್ತು. ಮನುಷ್ಯನಿಗೆ ಇರಲಿಲ್ಲ.

ಅಯ್ಯೋ... ನಾನೇನು ಮಾಡಿಬಿಟ್ಟೆ! ಊರಿನವರ ಮನೆಗೆಲ್ಲ ಹೋಗಿ ಹತ್ತಿರ ಹತ್ತಿರ ಎಂದು ಪಾಠ ಹೇಳುವವಳು, ಹತ್ತಿರವಿರಲಿ ಎಂದು ನಾನು ಬಯಸಿದ ಒಬ್ಬನೇ ಒಬ್ಬನನ್ನು ತಂದು ಮೂಲೆಯಲ್ಲಿಟ್ಟೆ. ಅವನ ಅಳತೆಗೆ ಸರಿಯಾಗಿ, ಯಾರಿಗೂ ತಾಗದ ಹಾಗೆ. ಅದನ್ನು ಬಾಯಿ ಬಿಟ್ಟು ಬೇರೆ ಹೇಳಿದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಲೋಟ ಕೆಳಗಿಟ್ಟು ಎದ್ದಳು.

"ಎಲ್ಲರೂ ಒಂದು ನಿಮಿಷ ಎದ್ದೇಳಿ. ಎಲೆ ಕೈಯಲ್ಲೇ ಇರಲಿ, ಆಟ ಕೆಡೋದು ಬೇಡ."

ಆ ದನಿಗೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಪಕ್ಕದವರು ನೋಡದಂತೆ ಎಲೆಗಳನ್ನು ಎದೆಗೆ ಒತ್ತಿಕೊಂಡು ನಾಲ್ವರೂ ಎದ್ದು ನಿಂತರು. ಅವಳು ಮೇಜನ್ನು ಒಂದು ಗೇಣು ಸರಿಸಿದಳು. ಇಬ್ಬರ ಸೋಫಾವನ್ನು ಇನ್ನಷ್ಟು ಓರೆ ಮಾಡಿದಳು. ಹಳೆಯ ಬೆಡ್‌ಶೀಟು ಚಿಕ್ಕಮ್ಮನಿಂದ ಈಸಿಕೊಂಡು, ಮಡಚಿ ದೊಡ್ಡ ಕುರ್ಚಿಯ ಕಾಲುಗಳ ಕೆಳಗೆ ತೂರಿಸಿ, ಎರಡು ಕೈಯಲ್ಲಿ ಹಿಡಿದು ಎಳೆಯತೊಡಗಿದಳು. ಅಂಗಡಿಯ ಇಬ್ಬರು ಗಟ್ಟಿ ಆಳುಗಳು ಏದುಸಿರು ಬಿಟ್ಟು ತಂದಿಟ್ಟ ಕುರ್ಚಿ ಅದು. ಬೆವರು ಕಿತ್ತುಕೊಂಡು ಬಂತು. ಕುರ್ಚಿ ಇಷ್ಟಿಷ್ಟೇ ಜರುಗಿತು.

ಆಗಲೇ ಬಾಗಿಲು ತೆರೆಯಿತು.

ಅವನು ನೋಡಿದ್ದು ಇಷ್ಟು. ಎಲೆ ಹಿಡಿದು ಸಾಲಾಗಿ ನಿಂತ ನಾಲ್ವರು ಹೆಂಗಸರು, ತನ್ನ ಕುರ್ಚಿಯ ಜೊತೆ ಕುಸ್ತಿಗೆ ಬಿದ್ದಿರುವ ಅವಳು.

"ವಾಪಸ್ ತಗೊಂಡು ಹೋಗ್ತಿದ್ದೀರಾ? ಬಿಡಿ, ಭಾರ ಇದೆ. ನಾನು ಎತ್ತಿಕೊಡ್ತೀನಿ."

"ಮುಟ್ಟಬೇಡಿ," ಎಂದಳು ಅವಳು ತಿರುಗಿಯೂ ನೋಡದೆ. "ತಪ್ಪು ಜಾಗದಲ್ಲಿ ಇಟ್ಟೋಳು ನಾನು. ಸರಿಯಾದ ಜಾಗಕ್ಕೆ ತರೋಳೂ ನಾನೇ."

ಚಿಕ್ಕಮ್ಮ ಗೆಳತಿಯರಿಗೆ ಕಣ್ಸನ್ನೆ ಮಾಡಿದರು. ನಾಲ್ವರೂ ಟೀ ಲೋಟ ತೊಳೆಯಲು ಒಟ್ಟಿಗೆ ಒಳಗೆ ಹೋದರು. ಅಷ್ಟು ಜನ ಅಡುಗೆಮನೆಯಲ್ಲಿದ್ದೂ ಒಂದು ಚಮಚದ ಸದ್ದೂ ಬರಲಿಲ್ಲವೆಂದರೆ ಅಲ್ಲಿ ನಡೆಯುತ್ತಿದ್ದದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ.

ಕುರ್ಚಿ ಕೊನೆಗೂ ಇಬ್ಬರ ಸೋಫಾದ ಪಕ್ಕಕ್ಕೆ, ಕಿಟಕಿಯ ಬಳಿಗೆ ಬಂದು ನಿಂತಿತು. ಅವಳು ನೆಟ್ಟಗಾಗಿ, ಹಣೆಯ ಬೆವರು ಒರೆಸಿಕೊಂಡು ಅವನ ಎದುರು ನಿಂತಳು. ಅವನ ಮುಖ ನೋಡಲು ಕತ್ತೆತ್ತಬೇಕಾಯಿತು. ಎತ್ತಿದಳು.

"ಈ ಕುರ್ಚಿ ಬೇಡ ಅಂತ ಅಂಗಡಿಗೆ ಹೇಳಿದ್ರಿ. ನನಗೆ ಹೇಳಲಿಲ್ಲ. ಈಗ ನನ್ನ ಮುಖ ನೋಡಿ ಹೇಳಿ."

ಅವನು ಕುರ್ಚಿಯ ಕಡೆ ನೋಡಿ ಬೇರೆಯದನ್ನು ಹೇಳಿದ.

"ಆವತ್ತು ನೋಡಿದ ಕೂಡಲೇ ಗೊತ್ತಾಯ್ತು, ಇದು ನನ್ನ ಅಳತೆ ಅಂತ. ನನಗೇ ಅಂತ ಯಾರೂ ಯಾವತ್ತೂ ಏನೂ ಮಾಡಿಸಿರಲಿಲ್ಲ. ಕುಣಿಯೋಣ ಅನ್ನಿಸಿತ್ತು. ಆಮೇಲೆ ಅದು ಇದ್ದ ಜಾಗ ನೋಡಿದೆ. ಶಾಲೇಲಿ ಕೊನೇ ಬೆಂಚು, ಫೋಟೋ ಅಂದ್ರೆ ಹಿಂದಿನ ಸಾಲು, ಎಲ್ಲಿ ಹೋದ್ರೂ ನೀನು ಸ್ವಲ್ಪ ಆ ಕಡೆ... ಅದೆಲ್ಲ ಅಭ್ಯಾಸ ಆಗಿದೆ. ಆದ್ರೆ ನೀವೂ ಅಲ್ಲೇ ಇಟ್ರಲ್ಲ ಅಂತ..."

ಅವಳ ಕಣ್ಣು ತುಂಬಿತು. ಆದರೆ ದನಿ ನಡುಗಲು ಅವಳು ಬಿಡಲಿಲ್ಲ.

"ನಾನು ಮೊದಲು ಇಟ್ಟಿದ್ದು ಇಲ್ಲೇ. ಈಗ ಇರೋ ಕಡೆ. ಈ ಸೋಫಾ ತುದೀಲಿ ನಾನು ಕೂತ ಹಾಗೆ, ಪಕ್ಕದಲ್ಲಿ ನೀವು ಇದ್ದ ಹಾಗೆ ಕಾಣಿಸ್ತು. ನೋಡಿದವರಿಗೆಲ್ಲ ನನ್ನ ಮನಸ್ಸಲ್ಲಿರೋದು ಗೊತ್ತಾಗಿಬಿ‌ಡತ್ತೆ ಅಂತ ಹೆದರಿ ದೂರ ತಳ್ಳಿದೆ. ನಿಮ್ಮ ಕಾಲಿಂದು ಬರೀ ನೆಪ." ಒಂದು ಸಲ ಉಸಿರೆಳೆದುಕೊಂಡಳು. "ಈಗ ಗೊತ್ತಾಗಲಿ. ಎಲ್ಲರಿಗೂ ಗೊತ್ತಾಗಲಿ. ನನಗೆ ನೀವು ಬೇಕು."

ಒಳಗೆ ಅಡುಗೆಮನೆಯಲ್ಲಿ ಯಾರದೋ ಕೈಯಿಂದ ಇಸ್ಪೀಟಿನ ಎಲೆಗಳು ಪಟಪಟನೆ ನೆಲಕ್ಕೆ ಬಿದ್ದವು.

ಅವನು ಒಂದು ಹೆಜ್ಜೆ ಮುಂದೆ ಬಂದ. ಕುರ್ಚಿಯ ತೋಳು ಹಿಡಿದು, ಒಂದು ಕ್ಷಣ ತಡೆದು, ಮೆಲ್ಲಗೆ ಕೂತ. ಕುರ್ಚಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವನ ಬೆನ್ನು ಒರಗಿತು, ತಲೆ ಒರಗಿತು. ವರ್ಷಗಟ್ಟಲೆ ನಿಂತ ಕಾಲು ಮಡಚಿಕೊಂಡಿತು. ಅವನ ಬಾಯಿಂದ ಹೊರಬಂದ ಉಸಿರನ್ನು ಕೇಳಿ ಅವಳು ತಡೆದಿಟ್ಟ ಕಣ್ಣೀರು ಕೆನ್ನೆಗಿಳಿಯಿತು.

ಕೂತಲ್ಲಿಂದ ಅವನು ಸುತ್ತ ನೋಡಿದ. ಚಿಕ್ಕಮ್ಮನ ಕುರ್ಚಿ, ಗೆಳತಿಯರ ಸೋಫಾ, ಕೈಗೆಟುಕುವ ಮೇಜು.

"ಇದರಲ್ಲಿ ನಿಮ್ಮ ಜಾಗ ಎಲ್ಲಿ?"

ಅವಳಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ನನಗೆಲ್ಲಿ ಜಾಗ? ಕೆಲಸ ಮುಗಿದ ಮೇಲೆ ನಾನು ಹೊರಟುಹೋಗ್ತೀನಲ್ಲ. ಯಾವ ಮನೇಲೂ ನನ್ನ ಲೆಕ್ಕ ಇರಲ್ಲ."

"ಈ ಮನೇಲಿ ಇರಲಿ."

ಹಾಗೆಂದವನು ಎದ್ದ. ತನಗಾಗಿಯೇ ಮಾಡಿಸಿದ ಗಟ್ಟಿ ಕುರ್ಚಿ ಬಿಟ್ಟು, ಇಬ್ಬರ ಸೋಫಾದ ಮುಂದೆ ಹೋಗಿ ನಿಂತ. ಅದು ಅಂಗಡಿಯಲ್ಲಿ ಎಲ್ಲರಿಗೂ ಮಾರುವ ಸಾಧಾರಣ ಸೋಫಾ. ತೆಳ್ಳನೆಯ ಕಾಲುಗಳು. ಅವನೇನು ಮಾಡಹೊರಟಿದ್ದಾನೆಂದು ತಿಳಿದು ಅವಳು ಗಾಬರಿಯಾದಳು.

"ಅದು ನಿಮಗೆ ಅಂತ ಮಾಡಿಸಿದ್ದಲ್ಲ."

"ಗೊತ್ತು. ಆದ್ರೆ ಆ ಕುರ್ಚೀಲಿ ಒಬ್ಬನೇ ಕೂರಬಹುದು." ಅವನು ತೆಳ್ಳನೆಯ ಕಾಲುಗಳನ್ನೇ ನೋಡುತ್ತಿದ್ದ. ಹಣೆಯಲ್ಲಿ ಬೆವರು ಮೂಡಿತ್ತು. "ಮುರಿದ್ರೆ ನಗ್ತೀರಾ?"

ಅವಳು ಸುಳ್ಳು ಹೇಳಲಿಲ್ಲ. "ನಗ್ತೀನಿ. ನಕ್ಕು, ನಿಮ್ಮ ಪಕ್ಕ ನೆಲದ ಮೇಲೇ ಕೂರ್ತೀನಿ."

ಅವನು ಕಣ್ಣು ಮುಚ್ಚಿಕೊಂಡು ಕೂತ. ಸೋಫಾ ಕಿರ್ರೆಂದು ನರಳಿತು. ಇನ್ನೊಮ್ಮೆ ನರಳಿತು. ಆಮೇಲೆ, ಆದದ್ದಾಗಲಿ ಎಂದು ಒಪ್ಪಿಕೊಂಡಂತೆ ಸುಮ್ಮನಾಯಿತು. ಅವನು ಒಂದು ಕಣ್ಣು ತೆರೆದ. ಇನ್ನೊಂದು ತೆರೆದ. ತಾನಿನ್ನೂ ನೆಲದ ಮೇಲಿಲ್ಲ ಎಂದು ಖಾತ್ರಿಯಾದ ಮೇಲೆ ಅವಳ ಕಡೆ ನೋಡಿ ನಕ್ಕ.

ಅವಳು ಹತ್ತಿರ ಬಂದಳು. ಇಬ್ಬರ ಸೋಫಾದ ಮುಕ್ಕಾಲು ಪಾಲು ಅವನೇ ತುಂಬಿಕೊಂಡಿದ್ದ. ಉಳಿದದ್ದು ಒಂದು ಗೇಣು, ಅದೂ ಧಾರಾಳವಾಗಿ ಅಳೆದರೆ. ಅವನು ಆ ಕಡೆ ಜರುಗಲು ನೋಡಿದ. ಜರುಗಲು ಎಡೆಯೇ ಇರಲಿಲ್ಲ.

"ಜಾಗ ಇದೆಯಾ?" ಎಂದು ಕೇಳಿದಳು ಮೆಲ್ಲಗೆ.

"ಇಲ್ಲ," ಎಂದ ಅವನು, ಕೈ ಚಾಚಿ. "ಬಾ."